ಹುರ್ರೆಮ್‌ಳ ಎರಡನೇ ಮಗ: ಧಾರಾವಾಹಿ ಹೇಳದ ಅಂತಃಪುರದ ರಾಜಕೀಯ

2012ರ ನವೆಂಬರ್ ಕೊನೆಯಲ್ಲಿ ಟರ್ಕಿಯ ಕುತಾಹ್ಯದಲ್ಲಿ ಹೊಸ ವಿಮಾನ ನಿಲ್ದಾಣದ ಉದ್ಘಾಟನೆ ಇತ್ತು. ಆಗ ಪ್ರಧಾನಿಯಾಗಿದ್ದ ಎರ್ದೊವಾನ್ ಭಾಷಣದ ನಡುವೆ ಇದ್ದಕ್ಕಿದ್ದಂತೆ ಒಂದು ಟಿವಿ ಧಾರಾವಾಹಿಯ ಮೇಲೆ ಹರಿಹಾಯ್ದರು. ತೆರೆಯ ಮೇಲೆ ತೋರಿಸುತ್ತಿರುವಂಥ ಸುಲೇಮಾನ್ ನಮಗೆ ಗೊತ್ತಿಲ್ಲ, ನಮ್ಮ ಪೂರ್ವಜರು ಅಂಥವರಲ್ಲ, ನಿಜವಾದ ಸುಲೇಮಾನ್ 30 ವರ್ಷ ಕುದುರೆಯ ಮೇಲೆ ಕಳೆದವನು ಎಂದರು. ಟರ್ಕಿಶ್ ಏರ್‌ಲೈನ್ಸ್ ತನ್ನ ವಿಮಾನಗಳಲ್ಲಿ ತೋರಿಸುತ್ತಿದ್ದ ಆ ಧಾರಾವಾಹಿಯನ್ನು ತೆಗೆದುಹಾಕಿತು. ಇಂಥದ್ದಕ್ಕೆಲ್ಲ ತಡೆ ಹಾಕುವ ಮಸೂದೆಯ ಮಾತೂ ಎದ್ದಿತು.

ಆ ಧಾರಾವಾಹಿಯ ಹೆಸರು ‘ಮುಹ್ತೆಶೆಮ್ ಯೂಜ್‌ಯಿಲ್’. ಕನ್ನಡದಲ್ಲಿ ‘ಭವ್ಯ ಶತಮಾನ’ ಎನ್ನಬಹುದು. 2011ರ ಜನವರಿಯಲ್ಲಿ ಶುರುವಾಗಿ 2014ರ ಜೂನ್‌ನಲ್ಲಿ ಮುಗಿಯಿತು. 139 ಕಂತು. ನಮ್ಮ ಸಂಜೆಯ ಧಾರಾವಾಹಿಯಂತೆ ಅರ್ಧ ಗಂಟೆಯದಲ್ಲ, ಒಂದೊಂದು ಕಂತೂ ಒಂದು ಸಿನಿಮಾದಷ್ಟು ಉದ್ದ. ಕಥೆ ಒಟ್ಟೊಮನ್ ಸುಲ್ತಾನ ಸುಲೇಮಾನ್ ಮತ್ತು ಅವನ ಅಂತಃಪುರಕ್ಕೆ ಗುಲಾಮಳಾಗಿ ಬಂದು ರಾಣಿಯಾದ ಹುರ್ರೆಮ್‌ಳದು. ಶುರುವಿನಲ್ಲೇ ಟರ್ಕಿಯ ಪ್ರಸಾರ ನಿಯಂತ್ರಣ ಮಂಡಳಿಗೆ 70 ಸಾವಿರಕ್ಕೂ ಹೆಚ್ಚು ದೂರು ಬಂದವು. ಸುಲ್ತಾನ ಮದ್ಯ ಕುಡಿಯುತ್ತಾನೆ, ಹೆಂಗಸರ ಹಿಂದೆ ಬೀಳುತ್ತಾನೆ ಎಂದು ಸಿಟ್ಟು. ಮಂಡಳಿ ಎಚ್ಚರಿಕೆ ಕೊಟ್ಟಿತು. ಜನ ಮಾತ್ರ ನೋಡುತ್ತಲೇ ಇದ್ದರು. ಪಾಕಿಸ್ತಾನದಲ್ಲಿ ಉರ್ದುವಿಗೆ ಡಬ್ ಆಯಿತು, ಅರಬ್ ದೇಶಗಳಲ್ಲಿ, ಬಾಲ್ಕನ್ ದೇಶಗಳಲ್ಲಿ ಮನೆಮಾತಾಯಿತು.

ಸುಲೇಮಾನ್ ಆಳಿದ್ದು 1520ರಿಂದ 1566ರವರೆಗೆ, 46 ವರ್ಷ. ಅದರಲ್ಲಿ 30 ವರ್ಷ ಕುದುರೆಯ ಮೇಲೇ ಇದ್ದ ಅಂತಲೇ ಇಟ್ಟುಕೊಳ್ಳಿ. ಉಳಿದ 16 ವರ್ಷ ಎಲ್ಲೋ ಒಂದು ಕಡೆ ಇಳಿದಿರಲೇಬೇಕಲ್ವಾ?

ಆದರೆ ಈ ಜಗಳದಲ್ಲಿ ನನಗೆ ವಿಚಿತ್ರ ಎನಿಸುವುದು ಬೇರೆಯೇ ವಿಷಯ. ಧಾರಾವಾಹಿ ಮಾಡಿದವರೂ ಅದನ್ನು ಬೈದವರೂ ಒಂದು ಮಾತನ್ನು ಒಪ್ಪಿಕೊಂಡೇ ಜಗಳ ಆಡಿದರು. ಕುದುರೆ ಹತ್ತಿದರೆ ರಾಜಕೀಯ, ಅಂತಃಪುರಕ್ಕೆ ಕಾಲಿಟ್ಟರೆ ಪ್ರೀತಿ, ಮುನಿಸು, ಹೊಟ್ಟೆಕಿಚ್ಚು. ಒಟ್ಟೊಮನ್ ಅರಮನೆಯಲ್ಲಿ ಈ ಎರಡರ ನಡುವೆ ಗೋಡೆಯೇ ಇರಲಿಲ್ಲ. ಸುಲ್ತಾನನಿಗೆ ಯಾವ ಹೆಣ್ಣಿನಲ್ಲಿ ಎಷ್ಟು ಗಂಡುಮಕ್ಕಳು ಎನ್ನುವುದೇ ರಾಜ್ಯದ ದೊಡ್ಡ ಪ್ರಶ್ನೆ. ಅದಕ್ಕೆ ಕಟ್ಟಳೆಗಳಿದ್ದವು. ಸುಲೇಮಾನ್ ಮತ್ತು ಹುರ್ರೆಮ್ ಅವನ್ನು ಒಂದೊಂದಾಗಿ ಮುರಿದರು. ಧಾರಾವಾಹಿ ನಾಲ್ಕು ಸೀಸನ್ ಓಡಿದರೂ ಈ ಕಟ್ಟಳೆ ಏನು, ಯಾಕೆ ಇತ್ತು ಅಂತ ನೆಟ್ಟಗೆ ಹೇಳಲೇ ಇಲ್ಲ.

ಬೀಗರೇ ಬೇಡ ಎಂದ ಮನೆತನ

ಒಟ್ಟೊಮನ್ನರು ಮೊದಲಿಂದ ಹೀಗಿರಲಿಲ್ಲ. 14ನೇ ಶತಮಾನದಲ್ಲಿ ಓರ್ಹಾನ್ ಬೈಜಾಂಟೈನ್ ಚಕ್ರವರ್ತಿಯ ಮಗಳನ್ನು ಮದುವೆಯಾದ. ಒಂದನೇ ಬಾಯಜೀದ್ ಸರ್ಬಿಯಾದ ರಾಜಕುಮಾರಿಯನ್ನು ತಂದ. ಎರಡನೇ ಮುರಾದ್ ಕೂಡ ಸರ್ಬಿಯಾದಿಂದಲೇ ಹೆಣ್ಣು ತಂದ. ಎಲ್ಲ ಕಡೆಯ ರಾಜರಂತೆ ಅವರೂ ಮದುವೆಯಿಂದ ನಂಟು ಕಟ್ಟಿದರು, ಗಡಿ ಭದ್ರ ಮಾಡಿಕೊಂಡರು. 15ನೇ ಶತಮಾನದ ನಡುವೆ ಈ ರೂಢಿ ಹೆಚ್ಚುಕಡಿಮೆ ನಿಂತೇಹೋಯಿತು.

ಕಾರಣ ಸರಳ. ಸಾಮ್ರಾಜ್ಯ ದೊಡ್ಡದಾದ ಮೇಲೆ ಬೀಗರು ಹೊರೆ. ಬೀಗರು ಅಂದರೆ ಮದುವೆ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಹೋಗುವವರಲ್ಲ. ಅವರ ಹಿಂದೆ ಸೈನ್ಯ ಇರುತ್ತದೆ. ಮೊಮ್ಮಗನ ಹೆಸರಲ್ಲಿ ನಾಳೆ ಸಿಂಹಾಸನಕ್ಕೆ ಕೈ ಹಾಕುತ್ತಾರೆ. ಗುಲಾಮ ಹೆಣ್ಣಿಗೆ ತವರೇ ಇಲ್ಲ. ಅಣ್ಣ ಇಲ್ಲ, ಮಾವ ಇಲ್ಲ, ಕೇಳುವವರಿಲ್ಲ. ಅವಳಿಗೆ ಹುಟ್ಟಿದ ಮಗು ಮಾತ್ರ ಇಸ್ಲಾಮಿಕ್ ಕಾನೂನಿನ ಪ್ರಕಾರ ಸ್ವತಂತ್ರ. ಅಪ್ಪನ ಬೇರೆ ಮಕ್ಕಳಿಗಿರುವ ಹಕ್ಕೇ ಅದಕ್ಕೂ ಇದೆ. ಮಗು ಹೆತ್ತವಳನ್ನು ಮತ್ತೆ ಮಾರುವ ಹಾಗಿಲ್ಲ. ಯಜಮಾನ ಸತ್ತ ದಿನ ಅವಳಿಗೆ ಬಿಡುಗಡೆ.

ಮಂತ್ರಿಗಳ ವಿಷಯದಲ್ಲೂ ಇದೇ ಲೆಕ್ಕ. ಕ್ರೈಸ್ತ ಹಳ್ಳಿಗಳಿಂದ ಹುಡುಗರನ್ನು ತಂದು, ಮತಾಂತರ ಮಾಡಿ, ಅರಮನೆಯಲ್ಲಿ ಓದಿಸಿ, ವಜೀರರನ್ನಾಗಿ ಮಾಡುತ್ತಿದ್ದರು. ಅವರೂ ಸುಲ್ತಾನನ ಗುಲಾಮರೇ. ಅಂದರೆ ಹೆಂಡತಿಯೂ ಮಂತ್ರಿಯೂ ಸುಲ್ತಾನನ ಹೊರತು ಬೇರೆ ದಿಕ್ಕಿಲ್ಲದವರು. ‘ಜನಾನಾ’ ಎಂದ ಕೂಡಲೇ ನಮಗೆ ಈಜುಕೊಳ, ರೇಷ್ಮೆ ಪರದೆ ನೆನಪಾಗುತ್ತವೆ. ನಿಜಕ್ಕೂ ಅದು ಬೀಗತನವನ್ನೇ ರಾಜ್ಯದಿಂದ ಹೊರಗಿಡಲು ಕಟ್ಟಿದ ಯಂತ್ರ.

ಯಂತ್ರದ ಮುಖ್ಯ ಗಾಲಿ ಇನ್ನೊಂದಿದೆ. ಒಬ್ಬ ತಾಯಿಗೆ ಒಬ್ಬನೇ ಗಂಡುಮಗ. ಒಬ್ಬಳಿಗೆ ಗಂಡು ಹುಟ್ಟಿದ ಮೇಲೆ ಸುಲ್ತಾನ ಅವಳ ಹಾಸಿಗೆಗೆ ಮರಳುತ್ತಿರಲಿಲ್ಲ. ಮಗ ಹದಿಹರೆಯಕ್ಕೆ ಬಂದಾಗ ಅವನನ್ನು ಯಾವುದಾದರೂ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಕಳಿಸುತ್ತಿದ್ದರು. ತಾಯಿಯೂ ಜೊತೆಗೆ ಹೋಗಬೇಕು. ಅವನ ಮನೆ ನೋಡಿಕೊಳ್ಳಬೇಕು. ಅಡುಗೆಯವನ ಮೇಲೆ, ವೈದ್ಯನ ಮೇಲೆ, ಗುರುವಿನ ಮೇಲೆ ಕಣ್ಣಿಡಬೇಕು. ಇಸ್ತಾಂಬುಲ್‌ನಲ್ಲಿ ಯಾರು ಮೇಲೆ ಬಂದರು, ಯಾರು ಬಿದ್ದರು ಎಂಬ ಸುದ್ದಿ ತರಿಸಿಕೊಳ್ಳಬೇಕು. ಯಾಕೆಂದರೆ ಅಪ್ಪ ಸತ್ತಾಗ ಪಂದ್ಯ ಇರುವುದು ಅಣ್ಣತಮ್ಮಂದಿರ ನಡುವೆ. ಗೆದ್ದವನು ಸುಲ್ತಾನ. ಸೋತವನು ಹೆಣ.

ಇದು ಉತ್ಪ್ರೇಕ್ಷೆಯಲ್ಲ. ಇಸ್ತಾಂಬುಲ್ ಗೆದ್ದ ಎರಡನೇ ಮೆಹ್ಮೆದ್‌ನ ಹೆಸರಲ್ಲಿರುವ ಕಾನೂನು ಪುಸ್ತಕದಲ್ಲೇ ಇದಕ್ಕೆ ಒಪ್ಪಿಗೆ ಇದೆ. ಪಟ್ಟಕ್ಕೆ ಬಂದ ಮಗ ಲೋಕದ ವ್ಯವಸ್ಥೆಗಾಗಿ ಸೋದರರನ್ನು ಕೊಲ್ಲುವುದು ಸರಿ ಎಂದು ಅದರ ತಾತ್ಪರ್ಯ. ಮೆಹ್ಮೆದ್ 1451ರಲ್ಲಿ ಪಟ್ಟಕ್ಕೆ ಬಂದಾಗ ತೊಟ್ಟಿಲ ಕೂಸಾಗಿದ್ದ ಮಲತಮ್ಮನನ್ನೇ ಕೊಲ್ಲಿಸಿದ್ದ. ಹೀಗಿರುವಾಗ ತಾಯಿಯೊಬ್ಬಳಿಗೆ ಮಗನ ಗೆಲುವೇ ಬದುಕು. ತಾಯಿ-ಮಗ ಸೇರಿ ಒಂದು ಪಕ್ಷ. ಎಷ್ಟು ತಾಯಂದಿರೋ ಅಷ್ಟು ಪಕ್ಷ, ಪಕ್ಷಕ್ಕೊಬ್ಬನೇ ಅಭ್ಯರ್ಥಿ. ಕ್ರೂರ ವ್ಯವಸ್ಥೆ, ಆದರೆ ಅದರದ್ದೇ ಒಂದು ಸಮತೋಲನ ಇತ್ತು.

ಮುರಿದ ಕಟ್ಟಳೆಗಳು

ಹುರ್ರೆಮ್ ಈಗಿನ ಪಶ್ಚಿಮ ಉಕ್ರೇನಿನ ಕಡೆಯವಳು. ಊರು ರೊಹಾತಿನ್ ಎನ್ನುವುದು ಅಲ್ಲಿನ ನಂಬಿಕೆ. ಅಲ್ಲಿಗೆ ಹೋದರೆ ಅವಳ ಪ್ರತಿಮೆಯೂ ಕಾಣುತ್ತದೆ. ಕ್ರಿಮಿಯಾದ ತಾತಾರರು ದಾಳಿ ಮಾಡಿ ಜನರನ್ನು ಹಿಡಿದು ಮಾರುತ್ತಿದ್ದ ಕಾಲ ಅದು. ಅಪ್ಪ-ಅಮ್ಮ ಇಟ್ಟ ಹೆಸರು ಯಾವ ದಾಖಲೆಯಲ್ಲೂ ಉಳಿದಿಲ್ಲ. ಧಾರಾವಾಹಿಯಲ್ಲಿ ಬರುವ ಅಲೆಕ್ಸಾಂಡ್ರಾ ಆಮೇಲೆ ಅಂಟಿಕೊಂಡ ಹೆಸರು. ‘ಹುರ್ರೆಮ್’ ಎಂದರೆ ನಗುಮೊಗದವಳು. ಯುರೋಪಿನವರು ರೊಕ್ಸೊಲಾನಾ ಎಂದು ಕರೆದರು.

ಅವಳಿಗೆ ಮೊದಲ ಮಗ ಮೆಹ್ಮೆದ್ 1521ರಲ್ಲಿ ಹುಟ್ಟಿದ. ಕಟ್ಟಳೆ ಪ್ರಕಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮರುವರ್ಷವೇ ಮಗಳು ಮಿಹ್ರಿಮಾಹ್. ಆಮೇಲೆ ಎಳವೆಯಲ್ಲೇ ತೀರಿಕೊಂಡ ಅಬ್ದುಲ್ಲಾ, ಸೆಲೀಮ್, ಬಾಯಜೀದ್, 1531ರಲ್ಲಿ ಗೂನುಬೆನ್ನಿನ ಜಿಹಾಂಗೀರ್. ಒಬ್ಬಳಿಗೇ ಐದು ಗಂಡುಮಕ್ಕಳು. ಗೊತ್ತಿರುವ ಮಟ್ಟಿಗೆ ಅವಳು ಬಂದ ಮೇಲೆ ಸುಲೇಮಾನ್‌ಗೆ ಬೇರೆ ಯಾರಲ್ಲೂ ಮಕ್ಕಳಾಗಲಿಲ್ಲ.

ಧಾರಾವಾಹಿಯಲ್ಲಿ ಇದೆಲ್ಲ ಹೇಗೆ ಬರುತ್ತದೆ? ಸುಲ್ತಾನನಿಗೆ ಅವಳ ಮೇಲೆ ಎಷ್ಟು ಆಸೆ ಅನ್ನುವುದಕ್ಕೆ ಲೆಕ್ಕ ಕೊಟ್ಟಂತೆ ಒಂದರ ಹಿಂದೆ ಒಂದು ಹೆರಿಗೆ. ಸಿಹಿ ಹಂಚುತ್ತಾರೆ, ಚಿನ್ನದ ನಾಣ್ಯ ಎರಚುತ್ತಾರೆ, ಸುಲ್ತಾನನ ಹಿರಿಯ ಮಗ ಮುಸ್ತಾಫಾನ ತಾಯಿ ಮಾಹಿದೆವ್ರಾನ್ ಮೂಲೆಯಲ್ಲಿ ಹಲ್ಲು ಕಚ್ಚುತ್ತಾಳೆ. ನನ್ನ ಕಣ್ಣಿಗೆ ಇಡೀ ಕಥೆಯ ದೊಡ್ಡ ರಾಜಕೀಯ ಘಟನೆ ಅಂದರೆ ಹುರ್ರೆಮ್‌ಗೆ ಎರಡನೇ ಗಂಡು ಹುಟ್ಟಿದ್ದು. ಅಲ್ಲಿಂದ ಒಂದು ಪಕ್ಷಕ್ಕೆ ಒಬ್ಬ ಅಭ್ಯರ್ಥಿ ಎನ್ನುವ ನಿಯಮ ಹೋಯಿತು. ಮಾಹಿದೆವ್ರಾನ್ ಬಳಿ ಒಂದೇ ಬಾಣ, ಹುರ್ರೆಮ್ ಬಳಿ ಬತ್ತಳಿಕೆ. ಅದೇ ಹೊತ್ತಿಗೆ ಹುರ್ರೆಮ್‌ಗೂ ಹೊಸ ಸಂಕಟ. ನಾಳೆ ತನ್ನ ಮಕ್ಕಳೇ ಒಬ್ಬರನ್ನೊಬ್ಬರು ಕೊಲ್ಲಬೇಕಾದರೆ ಅವಳು ಯಾರ ಕಡೆ?

ಆಮೇಲೆ ಮದುವೆ. 1534ರ ಮಾರ್ಚಿನಲ್ಲಿ ಸುಲೇಮಾನ್‌ನ ತಾಯಿ ಹಫ್ಸಾ ತೀರಿಕೊಂಡಳು. ಆ ಹೊತ್ತಿನ ಆಸುಪಾಸಿನಲ್ಲಿ ಸುಲ್ತಾನ ಹುರ್ರೆಮ್‌ಳನ್ನು ಶಾಸ್ತ್ರೋಕ್ತವಾಗಿ ಮದುವೆಯಾದ. ಇಸ್ತಾಂಬುಲ್‌ನಲ್ಲಿದ್ದ ಜಿನೋವಾದ ಬ್ಯಾಂಕೊಂದರ ಪ್ರತಿನಿಧಿಗಳು ಬರೆದ ವರದಿಯಲ್ಲಿ, ಸುಲ್ತಾನರ ಇತಿಹಾಸದಲ್ಲೇ ಹಿಂದೆಂದೂ ಆಗದ ಸಂಗತಿ ಇದು ಎಂದು ಬಾಯಿಬಿಟ್ಟಿದ್ದಾರೆ. ಗುಲಾಮಳನ್ನು ಇಟ್ಟುಕೊಂಡರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಮದುವೆಯಾದದ್ದೇ ಹಗರಣ! ಅವಳಿಗಾಗಿ ‘ಹಾಸೆಕಿ’ ಎಂಬ ಪದವಿ ಬಂತು, ದಿನಕ್ಕೆ 2000 ಅಕ್ಚೆ (ಬೆಳ್ಳಿ ನಾಣ್ಯ) ಭತ್ಯೆ ಬಂತು.

ಹತ್ತಿರಹತ್ತಿರ ಅದೇ ಸಮಯಕ್ಕೆ, 1533ರಲ್ಲಿ, ಇಂಗ್ಲೆಂಡಿನ ಎಂಟನೇ ಹೆನ್ರಿ ಆನ್ ಬೊಲಿನ್‌ಳನ್ನು ಮದುವೆಯಾದ. ಅವನ ಮೇಲೂ ಬೇಕಾದಷ್ಟು ಧಾರಾವಾಹಿ ಬಂದಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಜಾ ಇದೆ. ಅಲ್ಲಿ ಗಂಡುಮಗು ಇಲ್ಲ ಅನ್ನುವುದೇ ರಾಜ್ಯದ ಸಮಸ್ಯೆ. ಇಲ್ಲಿ ಗಂಡುಮಕ್ಕಳು ಜಾಸ್ತಿ ಇರುವುದೇ ಸಮಸ್ಯೆ. ಹೆನ್ರಿ ಒಬ್ಬ ಹೆಂಡತಿಯನ್ನು ಬಿಡಲು ಪೋಪನ ಜೊತೆ ಸಂಬಂಧ ಕಡಿದುಕೊಂಡ. ಸುಲೇಮಾನ್ ಒಬ್ಬಳನ್ನು ಬಿಡದಿರಲು ತನ್ನ ಮನೆತನದ ಪದ್ಧತಿಯನ್ನೇ ಬಿಟ್ಟ.

ಇನ್ನೂ ಒಂದು ಕಟ್ಟಳೆ ಉಳಿದಿತ್ತು. ಅದುವರೆಗೆ ಸುಲ್ತಾನನ ಹೆಂಗಸರು ಇರುತ್ತಿದ್ದದ್ದು ಊರೊಳಗಿನ ಹಳೆಯ ಅರಮನೆಯಲ್ಲಿ, ಈಗ ಇಸ್ತಾಂಬುಲ್ ವಿಶ್ವವಿದ್ಯಾಲಯ ಇರುವ ಜಾಗದಲ್ಲಿ. ಸರ್ಕಾರ ನಡೆಯುತ್ತಿದ್ದದ್ದು ಸಮುದ್ರದಂಚಿನ ತೋಪ್‌ಕಾಪಿ ಅರಮನೆಯಲ್ಲಿ. ಹುರ್ರೆಮ್ ತೋಪ್‌ಕಾಪಿಗೆ ಬಂದು ನೆಲೆಸಿದಳು. ಆಫೀಸೂ ಮನೆಯೂ ಒಂದೇ ಆಯಿತು. 1542ರಲ್ಲಿ ಅವಳ ಹಿರಿಯ ಮಗ ಮೆಹ್ಮೆದ್ ಮನಿಸಾ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಹೊರಟಾಗ ಅವಳು ಜೊತೆಗೆ ಹೋಗಲಿಲ್ಲ. ಒಮ್ಮೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದಳು, ಅಷ್ಟೇ. ಬೇರೆ ತಾಯಂದಿರು ದೂರದಿಂದ ಸುದ್ದಿ ತರಿಸಿಕೊಳ್ಳಬೇಕಿತ್ತು. ಇವಳು ಸುದ್ದಿ ಹುಟ್ಟುವ ಜಾಗದಲ್ಲೇ ಇದ್ದಳು.

ಗೋಡೆಯಾಚೆಯ ಗಾಳಿಸುದ್ದಿ

ಧಾರಾವಾಹಿಯ ಒಂದು ದೃಶ್ಯ ಬಹಳ ಜನಪ್ರಿಯ. ಮಾಹಿದೆವ್ರಾನ್ ಹುರ್ರೆಮ್ ಮೇಲೆ ಬಿದ್ದು ಹೊಡೆಯುತ್ತಾಳೆ. ಇದನ್ನು ಚಿತ್ರಕಥೆಗಾರರು ಕಟ್ಟಿದ್ದಲ್ಲ. ವೆನಿಸ್‌ನ ರಾಯಭಾರಿ ನವಾಗೆರೊ 1553ರಲ್ಲಿ ಬರೆದ ವರದಿಯಲ್ಲೇ ಇದೆ. ಮಾಹಿದೆವ್ರಾನ್ ಅವಳನ್ನು ‘ಮಾರಾಟದ ಮಾಂಸ’ ಎಂದು ಬೈದು ಮುಖ ಪರಚಿದಳಂತೆ. ಆಮೇಲೆ ಸುಲ್ತಾನ ಕರೆ ಕಳಿಸಿದಾಗ ಹುರ್ರೆಮ್, ನಾನು ಮಾರಾಟದ ಮಾಂಸ, ಈ ಹರಿದ ಮುಖ ಹೊತ್ತು ನಿಮ್ಮ ಮುಂದೆ ಹೇಗೆ ಬರಲಿ ಎಂದು ಹೋಗದೆ ಕೂತಳಂತೆ. ಎಂಥ ದೃಶ್ಯ! ಯಾವ ಟಿವಿಯವರು ಬಿಡುತ್ತಾರೆ?

ಆದರೆ ಅಂತಃಪುರದ ಒಳಗೆ ಆದದ್ದು ವೆನಿಸ್‌ನ ರಾಯಭಾರಿಗೆ ತಿಳಿದದ್ದು ಹೇಗೆ? ಅವನಿಗೆ ಒಳಗೆ ಪ್ರವೇಶವೇ ಇಲ್ಲ. ಜಗಳ ನಡೆದು ಎಷ್ಟೋ ವರ್ಷ ಕಳೆದ ಮೇಲೆ, ದುಭಾಷಿಗಳು, ವ್ಯಾಪಾರಿಗಳು, ಸೇವಕರು ಹೇಳಿದ್ದನ್ನು ಅವನು ಬರೆದ. ಅವನಿಗಿಂತ ಮುಂಚೆ, 1526ರಲ್ಲಿ, ಬ್ರಗಾದಿನ್ ಎಂಬ ಇನ್ನೊಬ್ಬ ವೆನಿಸ್‌ನವನು ಹುರ್ರೆಮ್ ಸುಂದರಿಯಲ್ಲ, ಆದರೆ ಎಳೆಯಳು, ಸಣ್ಣ ಮೈಕಟ್ಟಿನವಳು, ಲಕ್ಷಣವಾಗಿದ್ದಾಳೆ ಎಂದು ಬರೆದಿದ್ದ. ಅವನೂ ಅವಳನ್ನು ನೋಡಿದವನಲ್ಲ. ಇವತ್ತು ನಾವು ‘ಒಳಸಂಚು’ ಎಂದು ನೋಡುವ ಬಹಳಷ್ಟು ಸಾಮಗ್ರಿ ಹೀಗೆ ಗೋಡೆಯಾಚೆ ನಿಂತು ಕಿವಿಗೊಟ್ಟವರದ್ದು. ರಾಯಭಾರಿಯ ಕೆಲಸವೇ ಊರಿಗೆ ಸುದ್ದಿ ಕಳಿಸುವುದು. ಏನೂ ಇಲ್ಲ ಎಂದು ಬರೆಯಲಾಗುತ್ತದೆಯೇ?

ಹುರ್ರೆಮ್‌ಳ ಸ್ವಂತ ಪತ್ರಗಳೂ ಉಳಿದಿವೆ, ತೋಪ್‌ಕಾಪಿಯ ಸಂಗ್ರಹದಲ್ಲಿ. ಮೊದಲ ಪತ್ರಗಳನ್ನು ಬರಹಗಾರರಿಂದ ಬರೆಸಿದ್ದು, ಅವಳಿಗಿನ್ನೂ ಟರ್ಕಿಶ್ ಸರಿಯಾಗಿ ಬರುತ್ತಿರಲಿಲ್ಲ. ಆಮೇಲಿನವು ಅವಳದೇ ಮಾತು. ಅಗಲಿಕೆಯ ಗೋಳು ಇದೆ, ಮಕ್ಕಳ ಆರೋಗ್ಯದ ಸುದ್ದಿ ಇದೆ. ನಡುವೆ ಸುಮ್ನೆ ಬಂದಂತೆ ಬರುವ ಒಂದು ಮಾತು ನನಗೆ ಬಹಳ ಇಷ್ಟ. ಪಾಶಾನ ಮೇಲೆ ನಿನಗೆ ಯಾಕೆ ಸಿಟ್ಟು ಎಂದು ಸುಲ್ತಾನ ಕೇಳಿರಬೇಕು. ದೇವರ ದಯೆಯಿಂದ ಭೇಟಿಯಾದಾಗ ಬಾಯಾರೆ ಹೇಳುತ್ತೇನೆ, ಸದ್ಯಕ್ಕೆ ಪಾಶಾನಿಗೂ ನನ್ನ ವಂದನೆ ತಿಳಿಸಿ ಎಂಬ ಅರ್ಥದ ಉತ್ತರ ಅದರಲ್ಲಿದೆ. ನೂರಾರು ಗಂಟೆಯ ಧಾರಾವಾಹಿಯಲ್ಲಿ ಇಷ್ಟು ನಾಜೂಕಿನ ರಾಜಕೀಯ ಒಂದು ಕಡೆಯೂ ಕಾಣಲಿಲ್ಲ. ಕಾಗದದಲ್ಲಿ ಬರೆಯಬಾರದ್ದು ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಪಾಶಾ ಇಬ್ರಾಹಿಮ್. ಈಗಿನ ಗ್ರೀಸಿನ ಪಾರ್ಗಾದವನು, ಸುಲೇಮಾನ್‌ನ ಜೊತೆಗೇ ಬೆಳೆದವನು, 1523ರಲ್ಲಿ ಸರತಿ ಮುರಿದು ಮಹಾವಜೀರನಾದವನು. ಪರ್ಷಿಯಾದ ಮೇಲಿನ ದಂಡಯಾತ್ರೆಯಲ್ಲಿ ತನ್ನ ಬಿರುದಿಗೆ ‘ಸುಲ್ತಾನ್’ ಎಂದು ಸೇರಿಸಿಕೊಂಡ. 1536ರ ಮಾರ್ಚ್‌ನ ಒಂದು ರಾತ್ರಿ ಅರಮನೆಯಲ್ಲೇ ಅವನ ಕತ್ತು ಹಿಸುಕಿದರು. ‘ಮಕ್ಬೂಲ್’ ಆಗಿದ್ದವನು ‘ಮಕ್ತೂಲ್’ ಆದ ಎಂದು ಟರ್ಕಿಯವರು ಪದದಾಟ ಆಡುತ್ತಾರೆ. ಮೆಚ್ಚಿನವನು ಹೆಣವಾದ ಎಂದು ಅರ್ಥ. ಧಾರಾವಾಹಿಯಲ್ಲಿ ಅವನು ಸುಲ್ತಾನನ ತಂಗಿ ಹತೀಜೆಯ ಗಂಡ, ಅವರ ಪ್ರೇಮವೇ ಒಂದು ದೊಡ್ಡ ಉಪಕಥೆ. ಇತ್ತೀಚೆಗೆ ಪತ್ರಗಳನ್ನು ಓದಿದ ಸಂಶೋಧಕರು ಅವನ ಹೆಂಡತಿ ಮುಹ್ಸಿನೆ ಎಂಬ ಬೇರೆಯೇ ಹೆಂಗಸು ಎನ್ನುತ್ತಾರೆ. ಹಾಗಾದರೆ ಆ ಕಣ್ಣೀರೆಲ್ಲ ದಂಡ.

ಕೈಕೇಯಿಯ ಕನ್ನಡಕ

ಮುಸ್ತಾಫಾನ ಸಾವಿನ ವಿಷಯಕ್ಕೆ ಬಂದರೆ ನಾವು ಕನ್ನಡಿಗರೂ ತಟ್ಟನೆ ಒಂದು ಕನ್ನಡಕ ಹಾಕಿಕೊಳ್ಳುತ್ತೇವೆ. ಹಿರಿಯ ಮಗ, ಒಳ್ಳೆಯವನು, ಪ್ರಜೆಗಳ ಕಣ್ಮಣಿ. ಮಲತಾಯಿಗೆ ತನ್ನ ಮಗನಿಗೆ ಪಟ್ಟ ಬೇಕು. ಕಿವಿ ಚುಚ್ಚುವ ಮಂಥರೆಯ ಜಾಗದಲ್ಲಿ ಅಳಿಯ, ಮಹಾವಜೀರ ರುಸ್ತೆಮ್ ಪಾಶಾ. ಮುದಿ ರಾಜ ಮೋಸಹೋಗುತ್ತಾನೆ. ಟರ್ಕಿಯವರಿಗೆ ರಾಮಾಯಣ ಗೊತ್ತಿಲ್ಲದಿರಬಹುದು, ಆದರೆ ಕಥೆ ಕಟ್ಟಿದ್ದು ಇದೇ ಅಚ್ಚಿನಲ್ಲಿ. ಹೆಣ್ಣಿಂದ ಕೆಟ್ಟ ರಾವಣ, ಮಣ್ಣಿಂದ ಕೆಟ್ಟ ಕೌರವ ಎನ್ನುವ ನಮಗೆ ಅದು ಬೇಗ ಒಗ್ಗುತ್ತದೆ.

ನಡೆದದ್ದು ಇಷ್ಟು. 1553ರಲ್ಲಿ ಪರ್ಷಿಯಾದ ಮೇಲೆ ದಂಡೆತ್ತಿ ಹೊರಟ ಸೈನ್ಯ ಮುಸ್ತಾಫಾನ ಕಡೆ ವಾಲುತ್ತಿದೆ ಎಂದು ರುಸ್ತೆಮ್‌ನಿಂದ ಸುದ್ದಿ ಬಂತು. ಸುಲ್ತಾನ ತಾನೇ ಹೊರಟ. ಅಕ್ಟೋಬರ್ 6ರಂದು ಕೊನ್ಯಾ ಬಳಿಯ ಎರೆಗ್ಲಿಯಲ್ಲಿ, ಅಪ್ಪನನ್ನು ನೋಡಲು ಡೇರೆಯೊಳಗೆ ಹೋದ ಮುಸ್ತಾಫಾನನ್ನು ಹಗ್ಗ ಬಿಗಿದು ಕೊಂದರು. ಅವನಿಗೆ 38 ವರ್ಷ. ಸೈನಿಕರು ಕೆರಳಿದರು. ರುಸ್ತೆಮ್‌ನನ್ನು ಕೆಲಸದಿಂದ ತೆಗೆದು ಅವರನ್ನು ಸಮಾಧಾನ ಮಾಡಬೇಕಾಯಿತು. ಎರಡು ವರ್ಷದಲ್ಲಿ ಅವನು ಮತ್ತೆ ಅದೇ ಕುರ್ಚಿಗೆ ಬಂದ. ಯಾಹ್ಯಾ ಎಂಬ ಕವಿ ಬರೆದ ಶೋಕಗೀತೆ ಊರೆಲ್ಲ ಹರಡಿತು. ಗೂನುಬೆನ್ನಿನ ಜಿಹಾಂಗೀರ್ ಮರು ತಿಂಗಳೇ ಅಲೆಪ್ಪೊದಲ್ಲಿ ಸತ್ತ. ಅಣ್ಣನ ಕೊರಗಿನಲ್ಲೇ ಸತ್ತ ಎಂದು ಜನ ಮಾತಾಡಿಕೊಂಡರು.

ಹುರ್ರೆಮ್‌ಗೂ ರುಸ್ತೆಮ್‌ಗೂ ಇದರಿಂದ ಲಾಭ ಇತ್ತು. ಅವರು ಕೈಕಟ್ಟಿ ಕೂತಿದ್ದರು ಎಂದು ನಾನೂ ನಂಬುವುದಿಲ್ಲ. ಆದರೆ ಸುಲೇಮಾನ್ ಪೆದ್ದನಲ್ಲ. ಅವನ ಭಯಕ್ಕೆ ಹೆಂಡತಿಯ ಪಿಸುಮಾತಿಗಿಂತ ಹಳೆಯ ಕಾರಣ ಒಂದಿತ್ತು. ಅವನ ಸ್ವಂತ ಅಪ್ಪ ಸೆಲೀಮ್ 1512ರಲ್ಲಿ ಜಾನಿಸರಿ ಎಂಬ ಸುಲ್ತಾನನ ಖಾಸಾ ಪಡೆಯ ಬೆಂಬಲ ಪಡೆದು ತನ್ನ ಅಪ್ಪ ಎರಡನೇ ಬಾಯಜೀದ್‌ನನ್ನು ಸಿಂಹಾಸನದಿಂದ ಇಳಿಸಿದ್ದ. ಮುದುಕ ದಿಮೆತೋಕಕ್ಕೆ ಹೋಗಿ ವಿಶ್ರಾಂತಿ ಪಡೆಯುತ್ತೇನೆ ಎಂದು ಹೊರಟವನು ದಾರಿಯಲ್ಲೇ ಸತ್ತ. ಆಗ ಸುಲೇಮಾನ್ ಹದಿನೇಳರ ಹುಡುಗ, ಎಲ್ಲವನ್ನೂ ತಿಳಿದವನು. ಈಗ ತನಗೇ ಅರವತ್ತು ಹತ್ತಿರ. ಸೈನ್ಯ ಮೆಚ್ಚುವ, ಹರೆಯದ ಮಗ ಗಡಿಯ ಹತ್ತಿರ ಇದ್ದಾನೆ. ಅಪ್ಪನ ನಂತರದ ಪಟ್ಟಕ್ಕಾಗಿ ಮುಸ್ತಾಫಾ ಬೆಂಬಲ ಕೂಡಿಸುತ್ತಿದ್ದ ಎನ್ನಲು ಪತ್ರದ ಸಾಕ್ಷಿಯೂ ಇದೆ. ಆ ವ್ಯವಸ್ಥೆಯಲ್ಲಿ ಹಾಗೆ ಮಾಡದೆ ಅವನಿಗೆ ಬದುಕಲೂ ಆಗುತ್ತಿರಲಿಲ್ಲ. ಮಗ ಜೀವ ಉಳಿಸಿಕೊಳ್ಳಲು ಮಾಡಲೇಬೇಕಾದ ಕೆಲಸವೇ ಅಪ್ಪನ ಕಣ್ಣಿಗೆ ದ್ರೋಹ.

ಮಲತಾಯಿ ಸಿದ್ಧಾಂತಕ್ಕೆ ಉತ್ತರ ಇನ್ನೂ ಮುಂದೆ ಸಿಗುತ್ತದೆ. ಹುರ್ರೆಮ್ 1558ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಉಳಿದಿದ್ದವರು ಅವಳ ಹೊಟ್ಟೆಯಲ್ಲೇ ಹುಟ್ಟಿದ ಸೆಲೀಮ್ ಮತ್ತು ಬಾಯಜೀದ್. ಈಗ ಮಲತಾಯಿಯೂ ಇಲ್ಲ, ಮಲಮಗನೂ ಇಲ್ಲ. ಆದರೂ ಒಂದೇ ವರ್ಷದಲ್ಲಿ ಕೊನ್ಯಾ ಬಯಲಿನಲ್ಲಿ ಇಬ್ಬರ ಸೈನ್ಯಗಳು ಎದುರುಬದುರಾದವು. ಸೋತ ಬಾಯಜೀದ್ ಪರ್ಷಿಯಾಕ್ಕೆ ಓಡಿದ. ಸುಲೇಮಾನ್ ಶಾಹನ ಜೊತೆ ಚೌಕಾಸಿ ಮಾಡಿ, ಹಣ ತೆತ್ತು, ಮಗನನ್ನೂ ಮೊಮ್ಮಕ್ಕಳನ್ನೂ ಅಲ್ಲೇ ಕೊಲ್ಲಿಸಿದ. ಯಾವ ಹೆಂಗಸಿನ ಕೈವಾಡ ಇದು? ತಾಯಿ ಇರುವ ತನಕ ಇಬ್ಬರೂ ಕತ್ತಿ ಹಿರಿಯಲಿಲ್ಲ ಎನ್ನುವುದನ್ನೂ ಗಮನಿಸಬೇಕು. ಎಲ್ಲ ಕೇಡಿಗೂ ಅವಳೇ ಮೂಲ ಎಂದವರು ಈ ಒಂದು ತಡೆಯನ್ನು ಅವಳ ಲೆಕ್ಕಕ್ಕೆ ಬರೆಯಲಿಲ್ಲ.

ಮುಂದೆ 1595ರಲ್ಲಿ ಸೆಲೀಮ್‌ನ ಮೊಮ್ಮಗ ಮೂರನೇ ಮೆಹ್ಮೆದ್ ಪಟ್ಟಕ್ಕೆ ಬಂದಾಗ 19 ಮಂದಿ ಸೋದರರನ್ನು ಒಟ್ಟಿಗೆ ಕೊಲ್ಲಿಸಿದ. ಸಣ್ಣ ಸಣ್ಣ ಶವಪೆಟ್ಟಿಗೆಗಳನ್ನು ನೋಡಿ ಇಸ್ತಾಂಬುಲ್ ಜನ ಅತ್ತರಂತೆ. ಆಮೇಲೆ ಪದ್ಧತಿ ಬದಲಾಯಿತು. 1617ರಿಂದ ಮನೆತನದ ಹಿರಿಯನಿಗೆ ಪಟ್ಟ ಎನ್ನುವ ರೂಢಿ ಬಂತು. ಉಳಿದ ಗಂಡಸರನ್ನು ಅರಮನೆಯಲ್ಲೇ ಕೂಡಿಹಾಕಿದರು. ಯಾರೂ ಪ್ರಾಂತ್ಯಕ್ಕೆ ಹೋಗುವಂತಿಲ್ಲ, ಸೈನ್ಯ ನಡೆಸಿ ಕಲಿಯುವಂತಿಲ್ಲ. ಹುರ್ರೆಮ್ ತೋಪ್‌ಕಾಪಿಯಲ್ಲೇ ಉಳಿದ ಮೇಲೆ ಶುರುವಾದ ಬದಲಾವಣೆ ಹೀಗೆ ಒಂದು ಸುತ್ತು ಮುಗಿಸಿತು.

ಕಾರಿಡಾರ್ ಮತ್ತು ಕುದುರೆ

ಇಷ್ಟೆಲ್ಲ ಗೊತ್ತಿದ್ದೂ ಟಿವಿ ಯಾಕೆ ಹೊಟ್ಟೆಕಿಚ್ಚಿನ ಕಥೆಗೇ ಅಂಟಿಕೊಳ್ಳುತ್ತದೆ? ಒಂದು ಕಾರಣ ದುಡ್ಡು. ವಾರಕ್ಕೊಂದು ಸಿನಿಮಾದಷ್ಟು ಉದ್ದದ ಕಂತು ಕೊಡಬೇಕು. ಯುದ್ಧ ತೋರಿಸಲು ಕುದುರೆ ಬೇಕು, ಜನ ಬೇಕು, ಬಯಲು ಬೇಕು. ಒಂದು ಕಾರಿಡಾರ್, ನಾಲ್ಕು ಕೋಣೆ, ಎರಡು ಒಳ್ಳೆಯ ಸೀರೆ... ತಪ್ಪಿತು, ಗೌನ್ ಇದ್ದರೆ ಒಳಸಂಚು ಎಷ್ಟು ವಾರವಾದರೂ ಓಡುತ್ತದೆ. ನಮ್ಮ ಧಾರಾವಾಹಿಗಳಲ್ಲೂ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳದ ದಿನ ಒಂದಿದೆಯೇ? ಇನ್ನೊಂದು ಕಾರಣ ನಾವೇ. ‘ಒಂದು ತಾಯಿಗೆ ಒಂದು ಮಗ’ ಎಂಬ ಕಟ್ಟಳೆಗೆ ಮುಖ ಇಲ್ಲ. ಮಾಹಿದೆವ್ರಾನ್‌ಗೆ ಮುಖ ಇದೆ.

ಅದರ ಬಲ ಸಣ್ಣದಲ್ಲ. 2014ರ ಫೆಬ್ರವರಿಯಲ್ಲಿ ಮುಸ್ತಾಫಾನ ಸಾವಿನ ಕಂತು ಬಂದ ಮೇಲೆ ಬುರ್ಸಾದ ಮುರಾದಿಯೆಯಲ್ಲಿರುವ ಅವನ ಗೋರಿಗೆ ಜನ ಮುಗಿಬಿದ್ದರು. 460 ವರ್ಷದ ಹಿಂದಿನ ಸಾವಿಗೆ ಈಗ ಅತ್ತರು. ಕೊಂದವನು ಅವರ ಅತ್ಯಂತ ಹೆಮ್ಮೆಯ ಸುಲ್ತಾನ. ಸರ್ಕಾರಕ್ಕೆ ಮುಜುಗರವಾಗದೇ ಇರುತ್ತದೆಯೇ?

ಅದೇ ವರ್ಷ ಡಿಸೆಂಬರ್‌ನಲ್ಲಿ ಸರ್ಕಾರಿ ಚಾನೆಲ್ ಟಿಆರ್‌ಟಿ ತನ್ನ ಉತ್ತರ ಕೊಟ್ಟಿತು. ಸಾಮ್ರಾಜ್ಯ ಕಟ್ಟಿದ ಉಸ್ಮಾನ್‌ನ ಅಪ್ಪ ಎರ್ತುಗ್ರುಲ್‌ನ ಧಾರಾವಾಹಿ. ಇಲ್ಲಿ ಕುದುರೆಗೆ ಬರವಿಲ್ಲ. ಪಾಕಿಸ್ತಾನದ ಆಗಿನ ಪ್ರಧಾನಿ ಇಮ್ರಾನ್ ಖಾನ್ 2020ರಲ್ಲಿ ತಾವೇ ಮುತುವರ್ಜಿ ವಹಿಸಿ ಉರ್ದುವಿನಲ್ಲಿ ಸರ್ಕಾರಿ ಟಿವಿಗೆ ತರಿಸಿದರು. ಎರಡನೇ ಅಬ್ದುಲ್ ಹಮೀದ್ ಮೇಲೆ ಇನ್ನೊಂದು ಬಂತು, ಉಸ್ಮಾನ್ ಮೇಲೆ ಖಾಸಗಿ ಚಾನೆಲ್‌ನಲ್ಲಿ ಮತ್ತೊಂದು. 2024ರಿಂದ ಇಸ್ತಾಂಬುಲ್ ಗೆದ್ದ ಮೆಹ್ಮೆದ್‌ನ ಸರದಿ. ಎರ್ತುಗ್ರುಲ್ ಬಗ್ಗೆ ಇತಿಹಾಸಕ್ಕೆ ಗೊತ್ತಿರುವುದು ಬಹಳ ಕಡಿಮೆ. ಅವನ ಹೆಸರಿರುವ ಮಗನ ನಾಣ್ಯ, ಆಮೇಲೆ ಶತಮಾನ ಕಳೆದು ಬರೆದ ಕಥೆಗಳು. ಗೊತ್ತಿರುವುದು ಕಡಿಮೆ ಇದ್ದಷ್ಟೂ ಪೂರ್ವಜ ಹೇಳಿದಂತೆ ಕೇಳುತ್ತಾನೆ. ಸುಲೇಮಾನ್‌ನ ತೊಂದರೆ ಏನೆಂದರೆ ಅವನ ಬಗ್ಗೆ ಕಾಗದ ಪತ್ರ ಜಾಸ್ತಿ ಉಳಿದಿವೆ. ಅವನೇ ‘ಮುಹಿಬ್ಬಿ’ ಎಂಬ ಅಂಕಿತದಲ್ಲಿ ಬರೆದ ಪ್ರೇಮಕವಿತೆಗಳೂ ಉಳಿದಿವೆ. ಮುಹಿಬ್ಬಿ ಎಂದರೆ ಪ್ರೇಮಿ. ಇದನ್ನು ಯಾವ ಟಿವಿಯವರೂ ಅವನಿಗೆ ಅಂಟಿಸಿದ್ದಲ್ಲ.

ಇತ್ತ ರಾಯಚೂರು, ವಿಜಯಪುರ

ಸುಲೇಮಾನ್ ಪಟ್ಟಕ್ಕೆ ಬಂದದ್ದು 1520ರ ಸೆಪ್ಟೆಂಬರ್ 30. ಅದೇ ವರ್ಷ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ್ದ. ಕೃಷ್ಣದೇವರಾಯನ ಕೊನೆಗಾಲದ ಕಥೆ ನಮಗೆಲ್ಲ ಗೊತ್ತು. ಎಳೆಯ ಮಗ ತಿರುಮಲನಿಗೆ ಪಟ್ಟ ಕಟ್ಟಿದ, ಮಗ ಸತ್ತ, ವಿಷ ಹಾಕಿದ್ದಾರೆ ಎಂಬ ಅನುಮಾನ ಬಂತು, ‘ಅಪ್ಪಾಜಿ’ ಎನ್ನುತ್ತಿದ್ದ ತಿಮ್ಮರಸುವಿನ ಕಣ್ಣು ಕೀಳಿಸಿದ. ಇದನ್ನು ಹೇಳುವವನು ಮುಖ್ಯವಾಗಿ ನ್ಯೂನಿಜ್, ಕುದುರೆ ವ್ಯಾಪಾರಕ್ಕೆ ಬಂದ ಪೋರ್ಚುಗೀಸ. ಬರೆದದ್ದು ಸುಮಾರು ಹತ್ತು ವರ್ಷ ಕಳೆದ ಮೇಲೆ. ಅವನನ್ನು ನವಾಗೆರೊ ಪಕ್ಕ ಕೂರಿಸಿದರೆ ಇಬ್ಬರೂ ಚೆನ್ನಾಗಿ ಹೊಂದುತ್ತಾರೆ. ನಿಜ ಇದ್ದರೂ ಇರಬಹುದು. ಆದರೆ ನಮ್ಮ ಕಣ್ಣೀರೂ ಒಬ್ಬ ಹೊರಗಿನವನ ಕಿವಿಯನ್ನೇ ನಂಬಿಕೊಂಡಿದೆ.

ರಾಯಚೂರಿನಲ್ಲಿ ಸೋತ ಇಸ್ಮಾಯಿಲ್‌ನ ಅಪ್ಪ ಯೂಸುಫ್, ಬಿಜಾಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ. ಅವನ ಬಗ್ಗೆ ಫಿರಿಶ್ತಾ ಎಂಬ ಇತಿಹಾಸಕಾರ ಬರೆದ ಕಥೆ ಹೀಗಿದೆ. ಯೂಸುಫ್ ಒಟ್ಟೊಮನ್ ಸುಲ್ತಾನ ಮುರಾದ್‌ನ ಮಗ. 1451ರಲ್ಲಿ ಅಣ್ಣ ಮೆಹ್ಮೆದ್ ಪಟ್ಟಕ್ಕೆ ಬಂದಾಗ ತಮ್ಮನನ್ನು ಕೊಲ್ಲಬೇಕೆಂದು ಆಜ್ಞೆಯಾಯಿತು. ತಾಯಿ ಒಂದು ದಿನದ ಗಡುವು ಬೇಡಿದಳು. ರಾತ್ರೋರಾತ್ರಿ ಅವನನ್ನೇ ಹೋಲುವ ಗುಲಾಮ ಹುಡುಗನನ್ನು ಕೊಂಡುತಂದು ಅವನ ಜಾಗದಲ್ಲಿಟ್ಟು, ಮಗನನ್ನು ಪರ್ಷಿಯಾದ ಸಾವಾ ಊರಿನ ವ್ಯಾಪಾರಿಯ ಜೊತೆ ದಾಟಿಸಿದಳು. ಆ ಹುಡುಗ ಬೆಳೆದು ದಾಭೋಲ್ ಬಂದರಿಗೆ ಬಂದಿಳಿದ, ಬಹಮನಿಗಳಲ್ಲಿ ಕೆಲಸಕ್ಕೆ ಸೇರಿದ. ಬಹಳಷ್ಟು ಇತಿಹಾಸಕಾರರು ಈ ಕಥೆಯನ್ನು ನಂಬುವುದಿಲ್ಲ. ಆದರೆ ಅರಮನೆಯ ನಿಯಮ ಅದರಲ್ಲಿ ಅಚ್ಚುಕಟ್ಟಾಗಿ ಕೂತಿದೆ: ಒಬ್ಬ ತಾಯಿ, ಒಬ್ಬ ಮಗ, ಒಂದು ಹಗ್ಗ. ಅದಲುಬದಲಾಗಿ ಸತ್ತ ಗುಲಾಮ ಹುಡುಗನಿಗೆ ಕಥೆಯಲ್ಲಿ ಹೆಸರಿಲ್ಲ. ಫಿರಿಶ್ತಾ ಇದನ್ನು ಬರೆದದ್ದು ಬಿಜಾಪುರದಲ್ಲೇ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ. ಇಬ್ರಾಹಿಂ ಆ ಯೂಸುಫ್‌ನ ಮೊಮ್ಮಗನ ಮೊಮ್ಮಗ.